ಒಬ್ಬರನ್ನು ಬಿಟ್ಟು

…ಇಲ್ಲ ಸರ್, ಈ ಮೇಜೇ ಇರಲಿ. ತಟ್ಟೆ ತೊಳೆಯೋ ಜಾಗದ ಪಕ್ಕ, ಗದ್ದಲ ಜಾಸ್ತಿ, ಗೊತ್ತು. ಅದಕ್ಕೇ ಆರಿಸಿದ್ದು.

ನಗ್ತಿದೀರಿ. ನಗಿ, ನಗಿ. ಮೂರು ತಿಂಗಳಿಂದ ಇದನ್ನೇ ಮಾಡ್ಕೊಂಡು ಬಂದಿದೀರಲ್ಲ. ಎದುರಿಗಿದ್ದವರ ತುಟಿ ಅಲ್ಲಾಡಿದ್ರೆ ಒಂದು ನಗು, ನಿಂತ್ರೆ ಒಂದು 'ಹೂಂ'. ಹೋದ ತಿಂಗಳು ಮೀಟಿಂಗಲ್ಲಿ ಗಿಣಿ… ನಾವು ಹಾಗೇ ಕರೆಯೋದು ಅವನನ್ನ, ನೀವು ಹೇಳಿದ್ದನ್ನೇ ತಿರುಗಿ ಹೇಳ್ತಾನಲ್ಲ, ಅದಕ್ಕೆ. ಅವನು ಪಾಪ, ಅಪ್ಪ ಆಸ್ಪತ್ರೆಯಲ್ಲಿದಾರೆ, ಎರಡು ದಿನ ರಜೆ ಬೇಕು ಅಂದ. ನೀವು ಅವನ ಬೆನ್ನು ತಟ್ಟಿ, 'ಭೇಷ್, ಹೀಗೇ ಮುಂದುವರಿಸಪ್ಪ' ಅಂದ್ರಿ. ಎಲ್ಲರೂ ಮುಖ ಮುಖ ನೋಡ್ಕೊಂಡ್ರು. ನೀವು ಮಾತ್ರ ನಗ್ತಾನೇ ಇದ್ರಿ.

ಅವತ್ತೇ ಮೇಲಿನವರು ನಿಮ್ಮನ್ನ ಕಳಿಸೋ ತೀರ್ಮಾನ ಮಾಡಿದ್ದು. ಕಿವಿ ಮಂದ ಇರೋರು ಹಾಕೋ ಯಂತ್ರಕ್ಕೆ ಆ್ಯಪ್ ಮಾಡೋ ಕಂಪನಿ, ಅದರ ತಂಡದ ಮುಖ್ಯಸ್ಥರಿಗೇ ಆ ಯಂತ್ರ ಹಾಕ್ಕೊಂಡೂ ಕೇಳಿಸಲ್ಲ ಅಂದ್ರೆ… ದೀಪದ ಬುಡ ಕತ್ತಲು ಅಂತ ನಕ್ರಂತೆ. ಇವತ್ತು ನಿಮ್ಮ ಕೊನೇ ದಿನ. ನಾಳೆಯಿಂದ ಆ ಕುರ್ಚಿ ನನ್ನದು.

ಊಟ ಮಾಡಿ, ಆರಿ ಹೋಗುತ್ತೆ.

ನೀವು ಬಾಯಿ ನೋಡಿ ಮಾತು ಹಿಡಿಯೋಕೆ ಹೋಗ್ತೀರಿ, ನನಗೆ ಗೊತ್ತು. ಅದಕ್ಕೇ ತಟ್ಟೆ ನೋಡ್ಕೊಂಡು ಮಾತಾಡ್ತಿದೀನಿ. ಒಂದೇ ಒಂದು ಸಲ ನಿಮ್ಮೆದುರಿಗೇ ಕೂತು ಹೇಳಬೇಕು ಅಂತ ಆಸೆ ಇತ್ತು. ಹೇಳಿದ ಹಾಗೂ ಆಗಬೇಕು, ನಿಮಗೆ ಕೇಳಿಸಲೂಬಾರದು. ಹಾವೂ ಸಾಯಬೇಕು, ಕೋಲೂ ಮುರಿಯಬಾರದು.

ಗದ್ದಲದ ನಡುವೆ ಎದುರಿಗಿರೋರ ದನಿಯನ್ನ ಮಾತ್ರ ಹೆಕ್ಕಿ ಕಿವಿಗೆ ಕೊಡೋದು… ಆ ಕೆಲಸ ಯಾರದು ಸರ್? ಎರಡು ವರ್ಷ ಕೂತು ಬರೆದೆ. ಬಸ್ ನಿಲ್ದಾಣ, ತರಕಾರಿ ಮಾರುಕಟ್ಟೆ, ಇದೇ ಕ್ಯಾಂಟೀನು, ಎಲ್ಲ ಕಡೆ ಮೈಕು ಹಿಡ್ಕೊಂಡು ಹುಚ್ಚಿ ಥರ ನಿಂತಿದ್ದೆ. 'ಸಂತೆ ಗದ್ದಲ ಮನೆಗೆ ತಂದು ಕೇಳ್ತೀಯಲ್ಲೇ, ಮನೇವರ ಮಾತು ಯಾವಾಗ ಕೇಳ್ತೀಯ' ಅಂತ ಅಮ್ಮ ಬೈತಿದ್ರು. ಕೊನೆಗೆ ವೇದಿಕೆ ಹತ್ತಿದ್ದು ನೀವು. 'ಇದು ನನ್ನ ಕಿವಿಯ ಕಷ್ಟದಿಂದ ಹುಟ್ಟಿದ ಯೋಚನೆ' ಅಂದ್ರಿ. ಚಪ್ಪಾಳೆ. ನಾನು ಹಿಂದೆ ಕತ್ತಲಲ್ಲಿ ನಿಂತು ನಿಮಗೋಸ್ಕರ ಪರದೆ ಮೇಲಿನ ಚಿತ್ರ ಬದಲಾಯಿಸ್ತಿದ್ದೆ. ಒಂದು ಚಿತ್ರದಲ್ಲೂ ನನ್ನ ಹೆಸರಿರಲಿಲ್ಲ.

ಉಪ್ಪು ತಿಂದವರು ನೀರು ಕುಡೀಲೇಬೇಕು ಸರ್.

ಏನು ಮಾಡಿದೆ ಅಂತೀರಾ? ಏನಿಲ್ಲ, ಒಂದು ಬೆರಳಿನ ಕೆಲಸ. ನಿಮ್ಮ ಫೋನು ಮುಟ್ಟಲಿಲ್ಲ, ಹೊಸ ಆ್ಯಪ್ ಕಳಿಸಲಿಲ್ಲ. ಯಾವ ಸೌಲಭ್ಯ ಯಾರಿಗೆ ಆನ್, ಯಾರಿಗೆ ಆಫ್ ಅನ್ನೋ ಸ್ವಿಚ್ಚುಗಳ ಸಾಲು ನನ್ನ ಕೈಯಲ್ಲೇ ತಾನೆ ಇರೋದು? ಇಲ್ಲಿ ಒತ್ತಿದ್ರೆ, ಆ್ಯಪ್ ಓಡ್ತಿರೋ ಹಾಗೇ ಅಲ್ಲಿ ಬದಲಾಗುತ್ತೆ. ನನ್ನ ಕೆಲಸ ಎಲ್ಲರಿಗೂ ಆನ್ ಇತ್ತು. ಅದರ ಕೆಳಗೆ ಪರೀಕ್ಷೆಗೆ ಅಂತ ಇಟ್ಟ ಒಂದು ಖಾನೆ: 'ಇವರನ್ನು ಬಿಟ್ಟು'. ಆ ಖಾನೆಗೆ ಆಫೀಸು ಕೊಟ್ಟ ನಿಮ್ಮ ಫೋನಿನ ಗುರುತಿನ ಸಂಖ್ಯೆ ಹಾಕಿದೆ. ಅಷ್ಟೇ. ಲಕ್ಷ ಜನಕ್ಕೆ ಕೇಳಿಸ್ತು, ಒಬ್ಬರನ್ನು ಬಿಟ್ಟು. ಗದ್ದಲವಿಲ್ಲದ ಕಡೆ ಒಬ್ಬರ ಹತ್ತಿರ ಒಬ್ಬರು ಮಾತಾಡೋವಾಗ ಎಲ್ಲ ಸರಿಯಾಗೇ ಇರ್ತಿತ್ತು, ಹಾಗಾಗಿ ಯಂತ್ರದ ಮೇಲೆ ನಿಮಗೆ ಅನುಮಾನ ಬರಲಿಲ್ಲ. ನಾಲ್ಕು ಜನ ಸೇರಿದ ಕಡೆ ಮಾತ್ರ ಬರೀ ತಟ್ಟೆ ಸದ್ದು, ಕುರ್ಚಿ ಸದ್ದು.

ಊಟ ನಿಲ್ಲಿಸಿಬಿಟ್ರಲ್ಲ. ಹಿಡಿಸಲಿಲ್ವಾ?

ಎರಡೇ ದಿನ ಅಂದ್ಕೊಂಡಿದ್ದೆ, ನಿಜ. ಸುಮ್ನೆ ತಮಾಷೆಗೆ… ಹಾಗ್ಯಾಕೆ ನೋಡ್ತೀರಿ? ತುಟಿ ಕಾಣಿಸ್ತಾ? ಇರಲಿ, ಇನ್ನೂ ತಗ್ಗಿಸ್ತೀನಿ ತಲೆ.

ಸರಿ, ತಮಾಷೆಗಲ್ಲ. ಮೂರನೇ ವಾರ ನೀವು ಮೆಟ್ಟಿಲ ಹತ್ತಿರ ನನ್ನನ್ನ ನಿಲ್ಲಿಸಿದ್ರಿ. ಬೇರೆ ಯಾರೂ ಇರಲಿಲ್ಲ. 'ಡಾಕ್ಟರು ಕಿವಿ ಮೊದಲಿದ್ದ ಹಾಗೇ ಇದೆ ಅಂತಾರೆ. ಹಾಗಾದ್ರೆ ಕೆಟ್ಟಿರೋದು ತಲೆಯೇನಮ್ಮಾ? ನಮ್ಮ ತಾಯಿಗೂ ಹೀಗೇ ಶುರುವಾಗಿತ್ತು' ಅಂದ್ರಿ. ಮನೆಯವರಿಗೂ ಹೇಳಿಲ್ಲ, ನಿನಗೊಬ್ಬಳಿಗೇ ಹೇಳ್ತಿರೋದು ಅಂದ್ರಿ. ನನ್ನ ಜೇಬಿನಲ್ಲೇ ಫೋನಿತ್ತು. ಅಲ್ಲೇ ನಿಂತು ಆನ್ ಮಾಡಬಹುದಿತ್ತು.

'ವಯಸ್ಸಾಯ್ತಲ್ಲ ಸರ್' ಅಂದೆ.

ಅದನ್ನ ಯಾರಿಗೂ ಹೇಳಿಲ್ಲ. ಹೇಳೋದೂ ಇಲ್ಲ.

ಈ ಅಡುಗೆಯವರು ಇವತ್ತು ಯಾವುದಕ್ಕೂ ಉಪ್ಪೇ ಹಾಕಿಲ್ಲ. ಉಪ್ಪಿನ ಡಬ್ಬಿ ಎಲ್ಲಿ ಹಾಳಾಗಿ ಹೋಯ್ತೋ…

ಹಾಂ. ಥ್ಯಾಂಕ್ಸ್ ಸರ್.

ಸರ್?

ನಾನು ತಲೆ ಎತ್ತಿರಲಿಲ್ಲ. ಉಪ್ಪಿನ ಡಬ್ಬಿಗೆ ಕೈ ಕೂಡ ಚಾಚಿರಲಿಲ್ಲ.

ಮೇಜಿನ ಮೇಲಿರೋ ಈ ಫೋನು… ಆಫೀಸಿನದಲ್ಲ ಇದು. ಅದನ್ನ ಬೆಳಿಗ್ಗೆಯೇ ವಾಪಸ್ ಕೊಟ್ಬಿಟ್ರಾ? ಕೊನೇ ದಿನ. ಕೊಡ್ಲೇಬೇಕಲ್ಲ. ಇದು ಹೊಸದು, ಇದಕ್ಕೆ ಆ್ಯಪ್ ಹಾಕ್ಕೊಂಡ್ರಿ, ಯಂತ್ರ ಜೋಡಿಸ್ಕೊಂಡ್ರಿ. ಆ ಖಾನೆಗೆ ನಾನು ಹಾಕಿದ್ದು ಫೋನಿನ ಸಂಖ್ಯೆ. ನಿಮ್ಮದಲ್ಲ.

ಅಂದ್ರೆ ಬಂದು ಕೂತಾಗಿಂದ? ಈ ಮೇಜೇ ಇರಲಿ ಅಂದಾಗಿಂದ?

ಏನಾದ್ರೂ ಹೇಳಿ ಸರ್. ಬೈಯಿರಿ, ನಾಲ್ಕು ಜನರನ್ನ ಕರೀರಿ.

ಸರ್… ನೀರಿನ ಲೋಟ ಯಾಕೆ ನನ್ನ ಕಡೆ ತಳ್ತಿದೀರಿ?