ಒಳಗಿನಿಂದ ಕೂಗಿದ ಹೆಸರು

ನಾನು ಸರ್ವಮಂಗಳಮ್ಮ, ವಯಸ್ಸು ನಲವತ್ತೊಂದು, ಮನೆಗೆಲಸ, ವಾಸ ಸರಸ್ವತಿ ನಗರ, ದಾವಣಗೆರೆ. ಗಂಡನ ಹೆಸರನ್ನು ನಾನು ಬಾಯಿಬಿಟ್ಟು ಹೇಳುವ ರೂಢಿ ಇಲ್ಲದ್ದರಿಂದ ಠಾಣೆಯವರು ಪಡಿತರ ಚೀಟಿ ನೋಡಿ ಉಜ್ಜನಪ್ಪ ಎಂದು ಬರೆದುಕೊಂಡಿದ್ದಾರೆ. ಅವರ ಸಾವಿನ ಬಗ್ಗೆ ಕೇಳಿದ್ದಕ್ಕೆ ಈ ಮೂಲಕ ತಿಳಿಸುವುದೇನೆಂದರೆ:

ನನ್ನ ಯಜಮಾನರು ಸೈನ್ಯದಲ್ಲಿ ಹವಾಲ್ದಾರರಾಗಿದ್ದು, ಶ್ರೀಲಂಕಾದ ಯುದ್ಧಕ್ಕೆ ಹೋಗಿ ಬಂದವರು. ನಿವೃತ್ತಿಯ ನಂತರ ಹರಿಹರದ ಬಳಿ ಗುತ್ತೂರಿನ ಒಂದು ಕಾರ್ಖಾನೆಯಲ್ಲಿ ಕಾವಲುಗಾರರ ಮೇಲ್ವಿಚಾರಕರಾಗಿದ್ದರು. ನಮಗೆ ಮಕ್ಕಳಿಲ್ಲ.

ಈ ವರ್ಷ ಯುಗಾದಿಯ ನಂತರ ನಮ್ಮ ಬೀದಿಯಲ್ಲಿ ಎರಡು ಮನೆ ಕಳವಾದವು. ಯಜಮಾನರು ಯುದ್ಧದಲ್ಲಿ ಕಲಿತ ರೀತಿಯಲ್ಲೇ ಮನೆಯನ್ನು ಭದ್ರಪಡಿಸತೊಡಗಿದರು. ಪಕ್ಕದ ಮನೆಯ ಮಾಬೂಬೀಯವರ ಮಗ ಹಿದಾಯತ್ ವೆಲ್ಡಿಂಗ್ ಕೆಲಸದವನು. ಅವನಿಂದ ಹಿತ್ತಲ ಬಾಗಿಲಿಗೆ ಕಬ್ಬಿಣದ ಪಟ್ಟಿ ಇಟ್ಟು ಪೂರ್ತಿ ಬೆಸೆಯಿಸಿದರು. ಕಿಟಕಿಗಳಿಗೆ ಸರಳು ಹಾಕಿಸಿದರು. ಬಚ್ಚಲಿಗೆ ಕಿಟಕಿ ಇಲ್ಲ, ಕೊನೆಗೆ ಅಡಗಬೇಕಾದ ಜಾಗ ಅದೇ ಎಂದು ಅದಕ್ಕೆ ಕಬ್ಬಿಣದ ಬಾಗಿಲು ಮತ್ತು ಒಳಚಿಲಕ ಮಾಡಿಸಿದರು. ಮುಂಬಾಗಿಲಿಗೆ ಎರಡೂ ಕಡೆಯಿಂದ ಹಾಕುವ ಬೀಗ. ಎರಡನೇ ಬೀಗದ ಕೈ ಶತ್ರುವಿಗೆ ಸಿಕ್ಕೇ ಸಿಗುತ್ತದೆ ಎಂದು ಅದನ್ನು ಕಾಲುವೆಗೆ ಎಸೆದು, ಇನ್ನೊಂದನ್ನು ಕೊರಳ ಶಿವದಾರಕ್ಕೆ, ಲಿಂಗದ ಪಕ್ಕದಲ್ಲಿ ಕಟ್ಟಿಕೊಂಡರು. ಅವರು ಕೆಲಸಕ್ಕೆ ಹೋದಾಗ ನಾನು ಒಳಗಿರುತ್ತಿದ್ದೆ. ಮಾಬೂಬೀಯವರು ತರಕಾರಿಯನ್ನು ಸರಳುಗಳ ಸಂದಿಯಿಂದ ಕೊಡುತ್ತಿದ್ದರು. ಕುಂಬಳಕಾಯಿ ತಿನ್ನುವುದನ್ನು ಬಿಟ್ಟೆವು. ಒಳಗೆ ಅಡಗಿದವರಿಂದ ಬಚ್ಚಲ ಬಾಗಿಲು ತೆರೆಸಲು ಗುರುತಿನ ಮಾತೊಂದಿತ್ತು. ವಾರಕ್ಕೊಮ್ಮೆ ಅದನ್ನು ಬದಲಿಸುತ್ತಿದ್ದರು.

ಜಾಫ್ನಾದಲ್ಲಿ ಒಂದು ಮನೆಯೊಳಗಿಂದ ಹೆಂಗಸೊಬ್ಬಳು ಕೂಗಿದ್ದನ್ನು ಕೇಳಿ ಒಳಗೆ ಹೋದ ತಮ್ಮ ಇಬ್ಬರು ಜೊತೆಗಾರರು ಹೊರಗೆ ಬರಲಿಲ್ಲವೆಂದು ಅವರು ಹೇಳಿದ್ದರು. ಆದ್ದರಿಂದ ನಮ್ಮ ಮನೆಯಿಂದ ಕೂಗು ಕೇಳಿದರೆ ಯಾರೂ ಬರಬಾರದು, ಕಳ್ಳರೇ ಕೂಗಿಸುತ್ತಿರಬಹುದು ಎಂದು ಅಕ್ಕಪಕ್ಕದವರಿಗೆ ತಿಳಿಸಿದ್ದರು. ಪ್ರತಿ ಭಾನುವಾರ ನನ್ನಿಂದ ಕೂಗಿಸಿ ಪರೀಕ್ಷೆ ಮಾಡುತ್ತಿದ್ದರು. ಮೊದಲ ವಾರ ಮಾಬೂಬೀಯವರು ಓಡಿ ಬಂದು ಬೈಸಿಕೊಂಡರು. ಆಮೇಲೆ ಯಾರೂ ಬರಲಿಲ್ಲ. ಯಜಮಾನರಿಗೆ ಸಮಾಧಾನವಾಯಿತು.

ದಿನಾಂಕ 18-11-1998ರ ಬುಧವಾರ ಬೆಳಿಗ್ಗೆ ಏಳೂಕಾಲಕ್ಕೆ ಅವರು ಸ್ನಾನಕ್ಕೆ ಹೋದರು. ಸ್ವಲ್ಪ ಹೊತ್ತಿಗೆ ಚೊಂಬು ಬಿದ್ದ ಸದ್ದಾಯಿತು, ನರಳುವುದು ಕೇಳಿಸಿತು. ಬಾಗಿಲು ತಳ್ಳಿದೆ. ಅದು ಗಟ್ಟಿ ಬಾಗಿಲು. ಕಿಟಕಿಗೆ ಬಂದು ಕೂಗಿದೆ. ಅಂಗಳದಲ್ಲಿ ಪಾತ್ರೆ ತೊಳೆಯುತ್ತಿದ್ದ ಮಾಬೂಬೀಯವರು ತಲೆ ಎತ್ತದೆ, “ಇವತ್ತು ಬುಧವಾರ ಐತೆ ಅಕ್ಕಾ. ಹವಾಲ್ದಾರ್ರಿಗೆ ವಾರ ಮರ್ತೋತೇನು?” ಎಂದರು. ಇದು ನಿಜವೆಂದು ಹೇಳಿದೆ. ಭಾನುವಾರಗಳಂದೂ ನನ್ನಿಂದ ಹಾಗೆಯೇ ಹೇಳಿಸಿದ್ದರು. ಮಾಬೂಬೀಯವರು ಪಾತ್ರೆ ಎತ್ತಿಕೊಂಡು ಒಳಗೆ ಹೋದರು.

ಬಹಳ ಹೊತ್ತು ಕೂಗಿದೆ. ಮತ್ತೆ ಬಚ್ಚಲ ಬಾಗಿಲಿಗೆ ಬಂದು, ಮದುವೆಯಾದ ಮೇಲೆ ಮೊದಲ ಸಲ, ಅವರ ಹೆಸರು ಹಿಡಿದು ಕರೆದೆ. ಒಳಗಿನಿಂದ ಅವರು, “ಯಾರದು?” ಎಂದರು.

“ನಾನ್ರಿ” ಎಂದೆ. ಗುರುತಿನ ಮಾತು ಕೇಳಿದರು. ಆ ವಾರದ ಮಾತು ಎಳ್ಳು ಎಂದಿತ್ತು. ಹೇಳಿದೆ. ಚಿಲಕ ಅರ್ಧ ಸರಿದ ಸದ್ದಾಯಿತು. ಉಳಿದರ್ಧ ಕೇಳಿಸಲಿಲ್ಲ.

ನಾನು ಹೆಸರು ಹಿಡಿದು ಕೂಗುತ್ತಲೇ ಇದ್ದೆ. ಭಾನುವಾರದ ಕೂಗಿನಲ್ಲಿ ಹೆಸರು ಇರುತ್ತಿರಲಿಲ್ಲ. ಮಾಬೂಬೀಯವರು ಕಿಟಕಿಗೆ ಓಡಿ ಬಂದು, “ಗಂಡನ ಹೆಸರು ಹಿಡಿದ್ರಲ್ಲ ಅಕ್ಕಾ” ಎಂದವರೇ, ನನ್ನ ಉತ್ತರಕ್ಕೆ ಕಾಯದೆ ಆಟೋ ಹಿಡಿದು ವಿನೋಬನಗರದ ಅಂಗಡಿಯಿಂದ ಹಿದಾಯತ್‌ನನ್ನು ಕರೆತಂದರು. ಅವನು ಗ್ಯಾಸ್ ಕಟರ್‌ನಿಂದ ಹಿತ್ತಲ ಬಾಗಿಲಿನ ತನ್ನದೇ ಬೆಸುಗೆಯನ್ನು, ನಂತರ ಬಚ್ಚಲ ಚಿಲಕವನ್ನು ಕತ್ತರಿಸಿದಾಗ ಒಂಬತ್ತು ದಾಟಿತ್ತು. ಆಸ್ಪತ್ರೆಯಲ್ಲಿ ವೈದ್ಯರು ಹೃದಯ ನಿಂತು ಹೋಗಿದೆ ಎಂದರು.

ನನಗೆ ಯಾರ ಮೇಲೂ ಅನುಮಾನವಿಲ್ಲ. ಮಾಬೂಬೀಯವರು ಹೇಳಿದ ಹಾಗೆ ನಡೆದುಕೊಂಡರು. ಹಿದಾಯತ್ ಕೆಲಸ ಚೆನ್ನಾಗಿ ಮಾಡಿದ್ದ.

ಶವಾಗಾರದಲ್ಲಿರುವ ದೇಹದ ಶಿವದಾರದಲ್ಲಿ ಬೀಗದ ಕೈ ಇದೆ. ಲಿಂಗ ಅವರ ಜೊತೆ ಮಣ್ಣಿಗೆ ಹೋಗಲಿ, ಬೀಗದ ಕೈಯನ್ನು ನನಗೆ ಕೊಡಬೇಕಾಗಿ ಕೋರುತ್ತೇನೆ. ಅವರನ್ನು ಮುಂಬಾಗಿಲಿನಿಂದ ಕಳಿಸಬೇಕು. ಅದು ಇನ್ನೂ ಹಾಕಿಯೇ ಇದೆ.

ಬರೆದುಕೊಂಡಿದ್ದನ್ನು ನನಗೆ ಓದಿ ಹೇಳಿದರು. ನಾನು ಹೇಳಿದಂತೆಯೇ ಇದೆ, ನಡೆದದ್ದೂ ಹೀಗೆಯೇ.

ಸ್ಥಳ: ದಾವಣಗೆರೆ
ದಿನಾಂಕ: 18-11-1998
(ಸಹಿ) ಸರ್ವಮಂಗಳಮ್ಮ