ಗಾಡಿಕುದುರೆಯ ಮರಿ

ಹಾಳುಬಾವಿಯ ತನಕ ಏನೂ ಇರಲಿಲ್ಲ. ಬಾವಿ ದಾಟಿದ ಮೇಲೆ… ಹಿಂದೆ ಹೆಜ್ಜೆ.

ದೀಪ ತುಸು ಸಣ್ಣದು ಮಾಡಿ. ಹತ್ತಿರ ಬನ್ನಿ. ಇದು ನಮ್ಮ ದೊಡ್ಡಮ್ಮನ ಮಗನಿಗೆ, ನಮ್ಮಣ್ಣನಿಗೆ ಆದದ್ದು. ಯಾರೋ ಹೇಳಿದ್ದನ್ನು ಇನ್ಯಾರೋ ಕೇಳಿ ಬಂದದ್ದಲ್ಲ.

ಅಣ್ಣ ನಿಂತ. ಹೆಜ್ಜೆಯೂ ನಿಂತಿತು. ನಡೆದ. ಟಪ್… ಟಪ್‌ಟಪ್… ಟಪ್. ಮನುಷ್ಯರದಲ್ಲ, ನಾಯಿಯದೂ ಅಲ್ಲ. ಲಾಳ ಕಂಡಿರದ, ಇನ್ನೂ ಗಟ್ಟಿಯಾಗದ ಗೊರಸು ಮಣ್ಣಿನ ಮೇಲೆ ಬೀಳುವ ಸದ್ದು. ಚರಂಡಿಗೆ ಹಾಸಿದ ಕಲ್ಲು ಬಂದಾಗ ಮಾತ್ರ ಅದು ಬದಲಾಯಿತು. ಟಿಕ್… ಟಿಕ್. ಕುದುರೆಗಳ ನಡಿಗೆಯನ್ನು ಕಣ್ಣುಮುಚ್ಚಿ ಗುರುತಿಸುತ್ತಿದ್ದ ಅವನಿಗೆ ಅದು ಯಾವ ನಡಿಗೆ ಎಂದು ತಿಳಿಯಲು ಎರಡನೆಯ ಸಲ ಕೇಳಬೇಕಾಗಿರಲಿಲ್ಲ. ಹುಟ್ಟಿ ಹೆಚ್ಚು ದಿನವಾಗದ ಮರಿ. ಆ ಮರಿ ಅಂದು ಬೆಳಗಿನ ಜಾವವೇ ಸತ್ತಿತ್ತು. ಅದು ಅವನಿಗೆ ಗೊತ್ತಿತ್ತು.

ಅವನದು ಕನ್ನಡಕದ ಅಂಗಡಿ. ಬೀದಿಯವರೆಲ್ಲ ಕನ್ನಡಕದಣ್ಣ ಎಂದೇ ಕರೆಯುತ್ತಿದ್ದರು. ಗಿರಾಕಿಯ ಮೂಗಿನ ಮೇಲೆ ಫ್ರೇಮ್ ಕೂರಿಸುತ್ತಲೇ ರೇಸಿನ ಕುದುರೆಗಳ ವಂಶ ಹೇಳಲು ತೊಡಗುವನು. ತನ್ನ ಮುತ್ತಜ್ಜನ ಹೆಸರು ಕೇಳಿದರೆ ಛಾವಣಿ ನೋಡುವವನು, ಕುದುರೆಯ ಮುತ್ತಜ್ಜಿಯನ್ನು ನಿದ್ದೆಗಣ್ಣಲ್ಲೂ ಹೇಳಬಲ್ಲ. ರೇಸು ಒಂದನ್ನೂ ತಪ್ಪಿಸುತ್ತಿರಲಿಲ್ಲ. ಬಾಜಿ ಮಾತ್ರ ಎಂದೂ ಕಟ್ಟಿದವನಲ್ಲ. ಅತ್ತಿಗೆ ಕೆಣಕಿದರೆ, “ಸಂಗೀತ ಕೇಳೋಕೆ ಹೋಗಿ ಯಾರಾದ್ರೂ ಬಾಜಿ ಕಟ್ತಾರೇನೇ?” ಎನ್ನುತ್ತಿದ್ದ.

ಅವನು ಮನಸೋತದ್ದು ಒಂದು ಹೆಣ್ಣುಕುದುರೆಗೆ. ಸಂಜೆಮಲ್ಲಿಗೆ. ಅವಳ ಮೊದಲ ಓಟ ನೋಡಿ ಬಂದ ರಾತ್ರಿ ತುತ್ತು ಕೈಯಲ್ಲೇ ಹಿಡಿದು ಕೂತಿದ್ದನಂತೆ. “ಓಡಿದ್ದಲ್ಲ ಕಣೇ ಅದು. ನೆಲಕ್ಕೆ ನೋವಾಗಬಾರದು ಅಂತ ಹೋದ ಹಾಗಿತ್ತು.”

ಅತ್ತಿಗೆ ಬಂದವರಿಗೆಲ್ಲ ಹೇಳಿಕೊಂಡು ನಗುತ್ತಿದ್ದರು: “ನನಗೊಬ್ಬಳು ಸವತಿ ಇದಾಳೆ, ನಾಲ್ಕು ಕಾಲಿನವಳು. ಪುಣ್ಯಕ್ಕೆ ಮನೆಗೆ ಕರ್ಕೊಂಡು ಬಂದಿಲ್ಲ.”

ಓಟದ ದಿನಗಳು ಮುಗಿದ ಮೇಲೆ ಸಂಜೆಮಲ್ಲಿಗೆಯನ್ನು ಊರಾಚೆಯ ಕುದುರೆ ಫಾರಮ್ಮಿಗೆ ತಂದರು, ಮರಿ ಹಾಕಿಸಲು. ಅಲ್ಲಿನ ಮ್ಯಾನೇಜರು ಅಣ್ಣನ ಗಿರಾಕಿ. ಅಂಗಡಿ ಮುಚ್ಚಿದವನು ದಿನವೂ ಅಲ್ಲಿಗೆ ನಡೆದು ಹೋಗಿ, ಅವಳ ಹತ್ತಿರ ಒಂದಿಷ್ಟು ಹೊತ್ತು ನಿಂತು, ಹಾಳುಬಾವಿಯ ದಾರಿಯಲ್ಲಿ ಮನೆಗೆ ಬರುವನು. ಅವಳ ತಾಯಿಯ ಕಡೆಯಲ್ಲಿ ಉಳಿದಿದ್ದ ಕುಡಿ ಅವಳೊಬ್ಬಳೇ. ಹೊಟ್ಟೆಯಲ್ಲಿದ್ದ ಮರಿ ಹೋದರೆ ಆ ವಂಶ ಅಲ್ಲಿಗೆ ಮುಗಿಯುತ್ತಿತ್ತು.

ಹೆಣ್ಣುಕುದುರೆಗಳು ಈಯುವುದು ಬಹುಮಟ್ಟಿಗೆ ರಾತ್ರಿಯೇ. ಯಾರಾದರೊಬ್ಬರು ಎಚ್ಚರವಿರಬೇಕು. ಅಣ್ಣ ತಾನೇ ಮುಂದೆ ಬಿದ್ದು ಕಾವಲು ಕೂತ. ಗಂಡುಮರಿ ಬಂತು, ಉದ್ದ ಕಾಲಿನದು. ಅದು ಎದ್ದು ನಿಲ್ಲಲು ತಿಣುಕುತ್ತಿದ್ದಾಗಲೇ ತಾಯಿಗೆ ಒಳಗೆ ರಕ್ತನಾಳ ಒಡೆಯಿತು. ಡಾಕ್ಟರು ಬರುವುದರೊಳಗೆ ಅವಳ ಕುತ್ತಿಗೆ ಹುಲ್ಲಿನ ಮೇಲೆ ಒರಗಿತ್ತು. ಅಣ್ಣ ಅತ್ತದ್ದನ್ನು ಮ್ಯಾನೇಜರು ನೋಡದವರಂತೆ ನಿಂತಿದ್ದರು.

“ಹಾಲಿರೋ ಕುದುರೆ ಬೇಕು,” ಎಂದರು ಕೊನೆಗೆ. “ಬೆಳಗಾಗೋದ್ರೊಳಗೆ. ಇಲ್ಲದಿದ್ರೆ ಇದೂ ಉಳಿಯಲ್ಲ.”

ಅಂಥದ್ದು ಎಲ್ಲಿದೆ ಎಂದು ಅಣ್ಣನಿಗೆ ಗೊತ್ತಿತ್ತು. ಅವನ ಬೀದಿಯ ತುದಿಯಲ್ಲಿ ಗಾಡಿಯಮ್ಮ ಇದ್ದಳು. ಗಂಡ ಹೋದ ಮೇಲೆ ಗಾಡಿಯನ್ನು ತಾನೇ ಹೊಡೆದುಕೊಂಡು ಗೋದಾಮಿನಿಂದ ಮೂಟೆ ಸಾಗಿಸುತ್ತಿದ್ದವಳು. ಅವಳ ಕುದುರೆ ಆಗತಾನೇ ಮರಿ ಹಾಕಿತ್ತು. ಅಣ್ಣ ಕತ್ತಲಲ್ಲೇ ಹೋಗಿ ಬಾಗಿಲು ತಟ್ಟಿದ.

“ಅಕ್ಕಾ… ಒಂದು ಜೀವ ಉಳಿಸಬೇಕು.”

ಅವಳು ಪೂರ್ತಿ ಕೇಳಿದಳು. “ನನ್ನ ಕುದುರೆ ಬಾಣಂತಿ, ಕನ್ನಡಕದಣ್ಣ. ಅವಳ ಮರಿ, ನಮ್ಮ ಪುಟ್ಟನ ಗತಿ?”

“ಅವನನ್ನೂ ಜೊತೆಗೇ ಕರ್ಕೊಂಡು ಹೋಗ್ತೀವಿ. ನಾನು ಹೊಣೆ.”

“ಅವನು ನನಗೆ ಬರೀ ಮರಿ ಅಲ್ಲ. ಮುಂದಿನ ಗಾಡಿ ಅವನೇ ಎಳೀಬೇಕು. ಇವಳಿಗೆ ವಯಸ್ಸಾಯ್ತು.”

“ನಾನು ಹೊಣೆ ಅಂದೆನಲ್ಲ, ಅಕ್ಕ.”

“ನೀವು ಯಾವತ್ತೂ ತಪ್ಪು ನಂಬರಿನ ಗಾಜು ಕೊಟ್ಟವರಲ್ಲ,” ಎಂದು ಅವಳು ಹಗ್ಗ ಬಿಚ್ಚಿದಳು.

ಫಾರಮ್ಮಿನಲ್ಲಿ ಮ್ಯಾನೇಜರು ಕೇಳಿದರು: “ಎರಡೂ ಮರಿ ಒಟ್ಟಿಗೆ ಕುಡೀಲಿ ಅಂತ ಬಿಟ್ಟುಬಿಡೋಣವಾ? ಈ ಕುದುರೆಗೆ ಹಾಲು ದಂಡಿಯಾಗಿದೆ.”

ಉತ್ತರ ಕೊಡಬೇಕಾದವನು ಅಣ್ಣನಲ್ಲ. ಆದರೂ ಕೊಟ್ಟ. “ಬೇಡ ಸಾರ್. ಈ ರಕ್ತಕ್ಕೆ ಮೊದಲನೇ ತಿಂಗಳ ಹಾಲೇ ಎಲುಬು. ಪಾಲಾಗಬಾರದು.” ಹಾಗೆಂದು ಅವನು ಎಲ್ಲಿಯೋ ಓದಿದ್ದ. ಓದಿದ್ದನ್ನು ನಂಬಿದ್ದ.

ಹಾಗಾಗಿ ಪುಟ್ಟನನ್ನು ತಾಯಿಯ ಕಿವಿಗೆ ಎಟುಕದಷ್ಟು ದೂರದ ಹುಲ್ಲಿನ ಕೊಟ್ಟಿಗೆಗೆ ಸಾಗಿಸಬೇಕಾಯಿತು. ಎಳೆದರೆ ಬರಲಿಲ್ಲ, ತಳ್ಳಿದರೂ ಬರಲಿಲ್ಲ. ಅಣ್ಣ ತನ್ನ ಎರಡು ಬೆರಳನ್ನು ಅದರ ಬಾಯಿಗೆ ಕೊಟ್ಟ. ಮರಿ ಚೀಪಿತು. ಚಪ್… ಚಪ್… ಚೀಪುತ್ತಾ, ನಂಬಿ, ಅವನ ಹಿಂದೆಯೇ ಕೊಟ್ಟಿಗೆಯ ತನಕ ನಡೆದು ಬಂತು. ಅವನು ಬೆರಳು ಬಿಡಿಸಿಕೊಂಡು ಬಾಗಿಲು ಎಳೆದುಕೊಂಡ.

ಪುಡಿಹಾಲು ಅದಕ್ಕೆ ಹಿಡಿಸಲಿಲ್ಲ. ಭೇದಿ ಹತ್ತಿತು. ಇತ್ತ ಗಾಡಿಕುದುರೆ ಹೊಸ ಮರಿಯನ್ನು ಹತ್ತಿರ ಸೇರಿಸದೆ ಒದೆಯುತ್ತಿತ್ತು; ಹಾಲು ಕರೆದು ಅದಕ್ಕೆ ಕುಡಿಸಬೇಕಾಗಿತ್ತು. ಎರಡು ಕಡೆಗೂ ಓಡಾಡುತ್ತಿದ್ದ ಅಣ್ಣ, ಹೆಚ್ಚು ಹೊತ್ತು ನಿಂತದ್ದು ಸಂಜೆಮಲ್ಲಿಗೆಯ ಮರಿಯ ಹತ್ತಿರವೇ. ಒಂದು ಬೆಳಗಿನ ಜಾವ ಕೊಟ್ಟಿಗೆಯ ಬಾಗಿಲು ತೆಗೆದಾಗ ಪುಟ್ಟ ಎದ್ದು ನಿಲ್ಲಲಿಲ್ಲ.

ಲಾಯದವರಲ್ಲಿ ಹಿಂದಿನಿಂದ ಬಂದ ಒಂದು ಪದ್ಧತಿಯಿದೆ. ತಾಯಿಕುದುರೆ ಮರಿಯನ್ನು ಒಪ್ಪುವುದು ಕಣ್ಣಿನಿಂದಲ್ಲ, ಮೂಗಿನಿಂದ. ಸತ್ತ ಮರಿಯ ಚರ್ಮ ಸುಲಿದು ಬದುಕಿರುವ ಮರಿಗೆ ಹೊದಿಸಿದರೆ ತಾಯಿ ತನ್ನದೇ ಎಂದುಕೊಳ್ಳುತ್ತಾಳೆ. ಸುಲಿದವರು ಲಾಯದವರು. ಹೊದಿಸಿ, ಹೊಟ್ಟೆಯಡಿಯಲ್ಲಿ ದಾರ ಎಳೆದು ಗಂಟು ಹಾಕಿದವನು ಅಣ್ಣ. ಫ್ರೇಮಿನ ಸಣ್ಣ ಮೊಳೆ ತಿರುಗಿಸಿ ಪಳಗಿದ ಬೆರಳುಗಳು. ಗಾಡಿಕುದುರೆ ಬಾಲದಿಂದ ಕುತ್ತಿಗೆಯವರೆಗೆ ಮೂಸಿತು. ಇನ್ನೊಮ್ಮೆ ಮೂಸಿತು. ಒದೆಯಲಿಲ್ಲ. ಮರಿ ಕೆಚ್ಚಲಿಗೆ ಬಾಯಿ ಹಾಕಿತು. ಸುತ್ತ ನಿಂತವರು ಉಸಿರು ಬಿಟ್ಟರು.

ಅಂದು ರಾತ್ರಿಯೇ ಬಾವಿಯ ಹತ್ತಿರ ಆ ಹೆಜ್ಜೆ.

ಮರುದಿನ ಗಾಡಿಯಮ್ಮ ಅಂಗಡಿಯ ಮೆಟ್ಟಿಲ ಬಳಿ ನಿಂತು ಕೇಳಿದಳು: “ಪುಟ್ಟ ಹೇಗಿದಾನಣ್ಣ?”

“ಚೆನ್ನಾಗಿದಾನೆ, ಅಕ್ಕ.”

“ತುಂಟಾಟ ಮಾಡ್ತಾನಾ?”

“ಹೂಂ… ಮಾಡ್ತಾನೆ.”

ರಾತ್ರಿ ಮತ್ತೆ ಹೆಜ್ಜೆ. ಈಗ ಹತ್ತಿರ. ಅದರ ಮರುರಾತ್ರಿ ಇನ್ನೂ ಹತ್ತಿರ. ಅಣ್ಣ ಟಾರ್ಚ್ ತಿರುಗಿಸಿದ, ದಾರಿ ಖಾಲಿ. ಟಾರ್ಚ್ ಆರಿಸಿದ. ಅವನ ಜೋತುಬಿದ್ದ ಕೈಯ ಬೆರಳುಗಳನ್ನು ಏನೋ ಬಾಯಿಗೆ ತೆಗೆದುಕೊಂಡಿತು. ಬೆಚ್ಚಗಿನ ನಾಲಿಗೆ. ಚಪ್… ಚಪ್… ಚಪ್. ಕೈ ಎಳೆದುಕೊಳ್ಳಬೇಕಿತ್ತು. ಅದರ ಬದಲು, ಲಾಯದಲ್ಲಿ ಮಾಡುವ ಅಭ್ಯಾಸದಿಂದ, ಇನ್ನೊಂದು ಕೈಯನ್ನು ಅದರ ಕುತ್ತಿಗೆ ಇರಬೇಕಾದ ಕಡೆ ಇಟ್ಟ. ಕುತ್ತಿಗೆ ಇತ್ತು. ಆದರೆ ಕೂದಲಿರಲಿಲ್ಲ. ಒದ್ದೆ… ಬಿಸಿ… ನಡುಗುತ್ತಿತ್ತು.

ಮನೆಗೆ ಹೇಗೆ ಬಂದನೋ. ಅತ್ತಿಗೆ ಬಾಗಿಲು ತೆಗೆದವರೇ ಅವನ ಕೈ ನೋಡಿದರು. ಮೊಣಕೈಯವರೆಗೂ ಜೊಲ್ಲು.

“ಏನ್ರೀ ಇದು?”

“ಮೆಲ್ಲಗೆ… ಹೊರಗಿದೆ.”

ಇಬ್ಬರೂ ಬಾಗಿಲಿಗೆ ಕಿವಿಯಿಟ್ಟರು. ಜಗಲಿಯ ಕಲ್ಲಿನ ಮೇಲೆ ಟಿಕ್… ಟಿಕ್‌ಟಿಕ್. ಆಮೇಲೆ ಬಾಗಿಲ ಕೆಳಗಿನ ಸಂದಿನಲ್ಲಿ ಮೂಗಿನ ಗಾಳಿ. ಫುಸ್… ಫುಸ್. ಅಣ್ಣ ಪಿಸುಮಾತಿನಲ್ಲಿ ಎಲ್ಲ ಹೇಳಿದ. ಹೊಣೆ ಹೊತ್ತದ್ದು, ಪಾಲಾಗಬಾರದು ಎಂದದ್ದು, ದಾರ ಕಟ್ಟಿದ್ದು. ಅತ್ತಿಗೆಗೆ ಹೆದರಿಕೆ ಇರಲಿಲ್ಲವೆಂದಲ್ಲ. ಆದರೂ ಅವರು ಕೇಳಿದ್ದು ಒಂದೇ:

“ಅದು ನಿಮ್ಮನ್ನ ಕಚ್ತಾ?”

“ಇಲ್ಲ. ಚೀಪ್ತು.”

“ಅಂದ್ರೆ ಸಿಟ್ಟಲ್ಲ ಕಣ್ರೀ, ಹಸಿವು. ತಾಯಿ ಎಲ್ಲಿದಾಳೆ ಅಂತ ಅದಕ್ಕೆ ಗೊತ್ತಿಲ್ಲ. ಗೊತ್ತಿರೋದು ನಿಮ್ಮ ಬೆರಳು ಮಾತ್ರ.”

“ಈಗ ಏನ್ಮಾಡ್ಲಿ?”

“ಕರ್ಕೊಂಡು ಬಂದವರು ನೀವು. ಕರ್ಕೊಂಡು ಹೋಗಿ ಬಿಡಿ.”

ಅಣ್ಣ ಒದ್ದೆ ಕೈಯನ್ನು ಪಂಚೆಗೆ ಒರೆಸಿಕೊಂಡ. “ಅಲ್ಲಿ ಸಂಜೆಮಲ್ಲಿಗೆ ಮರಿ ಇದೆ… ಇದೂ ಕುಡಿದ್ರೆ…”

ಅತ್ತಿಗೆ ಅವನ ಮುಖ ನೋಡಿದರು. ಎದ್ದು ಚಿಲಕ ತೆಗೆದು, ಬಾಗಿಲು ಅವನಿಗೇ ಬಿಟ್ಟು ಪಕ್ಕಕ್ಕೆ ಸರಿದರು.

ಅಣ್ಣ ಹೊರಗೆ ಕಾಲಿಟ್ಟು ಕತ್ತಲಿನಲ್ಲಿ ಎರಡು ಬೆರಳು ಚಾಚಿದ. ಕಾಯಬೇಕಾಗಲಿಲ್ಲ.

ಹಾಗೆ ಅವರು ನಡೆದರು. ಮರಿಗೆ ಆಯಾಸವಾದಲ್ಲಿ ನಿಂತರು. ಬಾವಿ ದಾಟಿದರು. ಫಾರಮ್ಮಿನ ಬೇಲಿ ಬಂದಾಗ ನಾಯಿಗಳು ಎದ್ದು ನಿಂತವು, ಬೊಗಳದೆ ಮತ್ತೆ ಮಲಗಿದವು. ಲಾಯದಲ್ಲಿ ಗಾಡಿಕುದುರೆ ಒಂದು ಕಾಲು ಸಡಿಲಿಸಿ ತೂಕಡಿಸುತ್ತಿತ್ತು. ಸಂಜೆಮಲ್ಲಿಗೆಯ ಮರಿ ಮೂಲೆಯಲ್ಲಿ ನಿದ್ದೆಹೋಗಿತ್ತು; ಅದಕ್ಕೆ ಹೊದಿಸಿದ್ದ ಚರ್ಮವನ್ನು ಆಗಲೇ ತೆಗೆದು ಹೂಳಿದ್ದರು. ಅಣ್ಣ ಅಗುಳಿ ಸರಿಸಿದ.

ಕುದುರೆ ಕಿವಿ ನಿಮಿರಿಸಿತು. ಬಾಯಿ ತೆರೆಯದೆ, ಮೂಗಿನ ಹೊಳ್ಳೆಗಳಲ್ಲೇ, ತೀರ ಆಳದಿಂದ ಗುನುಗಿತು. ಹುಹುಹುಹು… ತನ್ನ ಹೊಟ್ಟೆಯ ಮರಿಗಲ್ಲದೆ ತಾಯಿಕುದುರೆ ಬೇರೆ ಯಾರಿಗೂ ಕೊಡದ ಸದ್ದು ಅದು. ಅಷ್ಟು ದಿನ ಹಾಲು ಕುಡಿಸಿದ ಮರಿಗೆ ಒಮ್ಮೆಯೂ ಅದನ್ನು ಕೊಟ್ಟಿರಲಿಲ್ಲ. ಅಣ್ಣನ ಬೆರಳುಗಳು ಹಗುರಾದವು. ಕುದುರೆ ತಲೆ ಬಾಗಿಸಿ ಏನೂ ಇಲ್ಲದ ಜಾಗವನ್ನು ನೆಕ್ಕತೊಡಗಿತು. ಸರ್ರ್… ಸರ್ರ್… ಆಗತಾನೇ ಹುಟ್ಟಿದ್ದನ್ನು ಒಣಗಿಸುವ ಹಾಗೆ, ಬಾಲದಿಂದ ಕುತ್ತಿಗೆಯವರೆಗೆ, ಒಂದು ಅಂಗುಲವನ್ನೂ ಬಿಡದೆ, ಬಹಳ ಹೊತ್ತು. ಆಮೇಲೆ ಹಿಂಗಾಲು ಸರಿಸಿ ಜಾಗ ಮಾಡಿಕೊಟ್ಟಿತು. ಚಪ್… ಚಪ್… ಚಪ್.

ಅಣ್ಣ ಬೆಳಗಾಗುವ ತನಕ ಅಗುಳಿ ಹಿಡಿದು ನಿಂತೇ ಇದ್ದ. ಅಲ್ಲಿಂದ ನೇರ ಗಾಡಿಯಮ್ಮನ ಮನೆಗೆ ಹೋದ. ಅವಳು ಅಂಗಳ ಗುಡಿಸುತ್ತಿದ್ದಳು.

“ಅಕ್ಕ, ಪುಟ್ಟ ಇಲ್ಲ. ನಾನು ಸುಳ್ಳು ಹೇಳಿದೆ.”

ಪೊರಕೆ ನಿಂತಿತು. “ಯಾವತ್ತು?”

ಹೇಳಿದ. ಚರ್ಮದ ಮಾತನ್ನೂ ಹೇಳಿದ, ಮುಚ್ಚಿಡಲಿಲ್ಲ.

“ನೀವು ಬೈಯಿಸಿಕೊಳ್ಳೋಕೆ ಬಂದಿದೀರಿ,” ಎಂದಳು ಅವಳು. “ನನಗೆ ಬೈಯೋಕೂ ಶಕ್ತಿ ಇಲ್ಲ ಹೋಗಿ, ಕನ್ನಡಕದಣ್ಣ.” ಆಮೇಲೆ ಮತ್ತೆ ಗುಡಿಸಿದಳು, ಗುಡಿಸಿ ಆಗಿದ್ದ ಜಾಗವನ್ನೇ.

ಆ ರಾತ್ರಿಯಿಂದ ಬಾವಿಯ ದಾರಿ ನಿಶ್ಶಬ್ದ. ಸಂಜೆಮಲ್ಲಿಗೆಯ ಮರಿ ಮಾತ್ರ ಸೊರಗತೊಡಗಿತು. ಹಗಲು ತುಂಬಿ ಬಿಗಿಯುತ್ತಿದ್ದ ಕೆಚ್ಚಲು ಬೆಳಗಿನ ಹೊತ್ತಿಗೆ ಬರಿದು; ಮರಿ ನೋಡಿದರೆ ಹಸಿದು ಗೋಡೆ ನೆಕ್ಕುತ್ತಿತ್ತು. ಡಾಕ್ಟರು ರಕ್ತ ಪರೀಕ್ಷೆ ಮಾಡಿದರು, ಹಾಲು ಪರೀಕ್ಷೆ ಮಾಡಿದರು. “ಹಾಲೆಲ್ಲ ಎಲ್ಲಿ ಹೋಗ್ತಿದೆ?” ಎಂದು ಮ್ಯಾನೇಜರು ಅಣ್ಣನನ್ನೇ ಕೇಳಿದರು. ಅವನಿಗೆ ಉತ್ತರ ಗೊತ್ತಿತ್ತು. ಕೊಡಲಿಲ್ಲ. ಒಂದು ರಾತ್ರಿ ಹೋಗಿ ಮತ್ತೆ ಬೆರಳು ಚಾಚಿ ಪುಟ್ಟನನ್ನು ಹೊರಗೆ ಕರೆದು ತರುವುದು ಅವನ ಕೈಯಲ್ಲಿತ್ತು. ಹೋಗಲಿಲ್ಲ. ಮರಿ ಬದುಕಿತು. ಆದರೆ ಎಲುಬು ಬಲಿಯಲಿಲ್ಲ, ಎದೆ ಅಗಲವಾಗಲಿಲ್ಲ. ರೇಸಿನ ನೆಲ ಮೆಟ್ಟುವ ಯೋಗ್ಯತೆ ಅದಕ್ಕೆ ಬರಲೇ ಇಲ್ಲವೆಂದು ಬರೆದು, ಯಾವುದೋ ಸವಾರಿ ಶಾಲೆಗೆ ಕೊಟ್ಟುಬಿಟ್ಟರು. ಅದರಿಂದ ಮರಿ ಪಡೆಯುವ ಮಾತನ್ನು ಯಾರೂ ಎತ್ತಲಿಲ್ಲ. ಅದನ್ನು ಲಾರಿಗೆ ಹತ್ತಿಸುವಾಗ ಅಣ್ಣ ಹೋಗಿ ಕುತ್ತಿಗೆ ತಟ್ಟಿ ಬಂದ. ಮುಂದೆ ಅವನು ರೇಸು ನೋಡಲಿಲ್ಲ. ರೇಡಿಯೋದಲ್ಲಿ ಓಟದ ಸುದ್ದಿ ಬಂದರೆ ಅತ್ತಿಗೆಯೇ ಎದ್ದು ಹೋಗಿ ಆರಿಸುತ್ತಿದ್ದರು.

ಗಾಡಿಕುದುರೆ ತನ್ನ ಮನೆಗೆ ವಾಪಸಾಯಿತು. ಮರಿಯಿಲ್ಲದ ಕುದುರೆಗೆ ಹಾಲು ಬತ್ತಬೇಕು. ಅದಕ್ಕೆ ಬತ್ತಲಿಲ್ಲ. ಗಾಡಿಯಮ್ಮ ಒಂದು ದಿನ ಅತ್ತಿಗೆಯನ್ನು ಕರೆಸಿ ಕೊಟ್ಟಿಗೆಯ ಒಳಗೆ ತೋರಿಸಿದಳು. ಕುದುರೆಯ ಪಕ್ಕದಲ್ಲಿ, ಹಾಸಿದ ಒಣಹುಲ್ಲಿನ ನಡುವೆ, ಏನೋ ಮುದುಡಿ ಮಲಗಿ ಎದ್ದು ಹೋದಂಥ ಒಂದು ಸಣ್ಣ ಗುಳಿ. ಅತ್ತಿಗೆ ಬಾಗಿ ಅಂಗೈ ಇಟ್ಟರು. ಬೆಚ್ಚಗಿತ್ತು.

ನಂಬದಿದ್ದರೆ ಬಿಡಿ, ಅತ್ತಿಗೆ ಈಗಲೂ ಇದ್ದಾರೆ, ಮಾತು ಕೂಡಿಸಿ ಹೇಳುವ ಹೆಂಗಸಲ್ಲ. ಆ ಕುದುರೆ ಇದ್ದಷ್ಟು ವರ್ಷವೂ ಗಾಡಿಯಮ್ಮ ದಿನಾ ಬೆಳಗ್ಗೆ ಹುಲ್ಲು ಕೊಡವಿ ಹೊಸದಾಗಿ ಹಾಸುತ್ತಿದ್ದಳು. ಮರುದಿನ ಗುಳಿ ಅಲ್ಲಿಯೇ ಇರುತ್ತಿತ್ತು. ವರ್ಷ ಕಳೆದರೂ ಅದು ದೊಡ್ಡದಾಗಲಿಲ್ಲ.