ಹೂವಿನ ಕೆಲಸ ನಂದು

ಕುಷ್ಟಗಿ ಬಸ್‌ಸ್ಟ್ಯಾಂಡಿನಲ್ಲಿ ಕೊಪ್ಪಳದ ಬಸ್ಸಿಗೆ ಕಾಯುತ್ತಿದ್ದ ಸುರೇಖಾ ಮಂದಿಯ ಜಗಳಕ್ಕೆ ಕಿವಿಗೊಡುವವಳಲ್ಲ. ಆದರೆ ಪಕ್ಕದಲ್ಲೇ ಹತ್ತಿಕೊಂಡರೆ ಕಿವಿಯನ್ನು ಎಲ್ಲಿ ಬಚ್ಚಿಡುವುದು? ಬುಟ್ಟಿ ತುಂಬ ಮಲ್ಲಿಗೆ ಹಿಡಿದು ಕೂತವಳೊಬ್ಬಳ ಎದುರು ಅವಳ ಹಿರಿ ನೆಗೆಣ್ಣಿ ನಿಂತಿದ್ದಳು.

“ಏ ಕಸ್ತೂರೆಮ್ಮ, ಗಂಡ ಸತ್ತಾಕಿಗೆ ಮಲ್ಲಿಗಿ ಯಾಕ?”

“ನಾಳಿ ಚರ್ಚಿನ್ಯಾಗ ಮದುವಿ ಐತ್ರಿ ಅಕ್ಕಾ. ಹೂವಿನ ಕೆಲಸ ನಂದು.”

“ಅಲ್ಲಿ ಹೋಗಿ ಪುಗಸಟ್ಟಿ ದುಡೀತಿ. ನಮ್ಮ ಮನಿ ಸುಟ್ಟು ಹೋಗಿತ್ತೇನು?”

“ನಿಮ್ಮ ಮಗಳ ಮದುವ್ಯಾಗೂ ಮೂರು ದಿನ ರೊಟ್ಟಿ ಬಡದೀನ್ರಿ. ಅಕ್ಕಿಕಾಳು ಬೀಳೋ ಹೊತ್ತಿಗೆ ನನ್ನ ಉಗ್ರಾಣದಾಗ ಕೂಡಿಸಿ ಕದ ಹಾಕಿದ್ರಿ.”

“ಶುಭಕಾರ್ಯದಾಗ ನಿನ್ನ ಮುಖ ಕಂಡಿದ್ರ ಬೀಗರು ಏನಂತಿದ್ರು?”

“ಅಲ್ಲಿ ಮದುಮಗಳಿಗೆ ಹೂ ಮುಡಿಸಾಕಿನ ನಾನು.”

“ನೀ ಮುಂಡಿ ಅಂತ ಅವರಿಗೆ ಗೊತ್ತಿಲ್ಲ, ಅದಕ್ಕ.”

“ಚರ್ಚಿಗೆ ಹೋದ ಮೊದಲನೇ ದಿನಾನ ಹೇಳೀನ್ರಿ. ಹೇಳಿದ ಮ್ಯಾಲ ಈ ಬುಟ್ಟಿ ಕೈಗೆ ಕೊಟ್ರು.”

ಬಸ್ಸು ಬಂತು. ನೆಗೆಣ್ಣಿ ಬಾಗಿಲಿಗೆ ಅಡ್ಡ ನಿಂತಳು.

“ನೆನಪಿಟ್ಕೋ, ನೀ ಸತ್ರ ಹೆಗಲು ಕೊಡಾಕ ನಮ್ಮ ಮನಿ ಗಂಡಸ್ರ ಬರಬೇಕು!”

“ಸತ್ತಾಗ ಬರ್ರಿ ಅಕ್ಕಾ. ಈಗ ದಾರಿ ಬಿಡ್ರಿ, ಹೂವು ನಲುಗ್ತಾವ,” ಎಂದವಳೇ ಕಸ್ತೂರೆಮ್ಮ ಬುಟ್ಟಿಯನ್ನು ಎದೆಗವಚಿಕೊಂಡು ಹತ್ತಿಬಿಟ್ಟಳು.